ಹತ್ತನೇ ನಿಮಿಷಕ್ಕೆ ಸಿಕ್ಕಿಬೀಳುವವನು

ನಮ್ಮ ಮನೆಯ ರಿಮೋಟಿಗೆ ಒಂದು ಪ್ಲಾಸ್ಟಿಕ್ ಕವರು, ಅದರ ಮೇಲೆ ಎರಡು ರಬ್ಬರ್ ಬ್ಯಾಂಡು. ಧೂಳು ಕೂರಬಾರದೆಂದು ಅಮ್ಮ ಹಾಕಿದ್ದು. ಈಗ ಕವರಿನ ಒಳಗೇ ಧೂಳು ಸೇರಿಕೊಂಡು ನಂಬರುಗಳು ಕಾಣುವುದಿಲ್ಲ, ಆದರೂ ಅದನ್ನು ತೆಗೆಯುವಂತಿಲ್ಲ. ಏಳು ಗಂಟೆಗೆ ಕನ್ನಡ, ಏಳೂವರೆಗೆ ತೆಲುಗು, ಎಂಟಕ್ಕೆ ತಮಿಳು. ಈ ಮೂರು ಚಾನೆಲ್ಲಿನ ಗುಂಡಿಗಳು ಅಮ್ಮನ ಹೆಬ್ಬೆರಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಉಳಿದವು ಇದ್ದರೆಷ್ಟು, ಬಿಟ್ಟರೆಷ್ಟು. ನಿನ್ನೆ ಸೆಲ್ ಬದಲಾಯಿಸಲು ಆ ಕವರು ಬಿಚ್ಚಬೇಕಾಯಿತು. ಸೆಲ್ಲಿನ ಸ್ಪ್ರಿಂಗಿನ ಹತ್ತಿರ ಬೆರಳು ಹೋಯಿತೋ ಇಲ್ಲವೋ, ನನಗೆ ಮತ್ತೆ ನಾಚಿಕೆಯಾಯಿತು. ಯಾಕೆಂದು ಹೇಳುತ್ತೇನೆ. ಆದರೆ ನೇರವಾಗಿ ಹೇಳುವುದು ನನ್ನ ಜಾಯಮಾನವಲ್ಲ, ಬಂಗಾರಪೇಟೆಯ ಆಟೋದವರ ಹಾಗೆ ಸ್ವಲ್ಪ ಸುತ್ತಿಸಿಕೊಂಡೇ ಬರುತ್ತೇನೆ.

ನಾವಿರುವುದು ಕೋರಮಂಡಲ್‌ನಲ್ಲಿ, ಚಿನ್ನದ ಗಣಿಯ ಕೂಲಿಗಾರರ ಹಳೇ ಲೈನ್ ಮನೆಗಳ ಪಕ್ಕದಲ್ಲಿ. ನಾವು ಅಂದರೆ ನಾನು, ಅಮ್ಮ, ಎರಡು ಹಸು. ಮೂಲ ಕಾಮಸಮುದ್ರದ ಕಡೆಯ ಒಂದು ಹಳ್ಳಿ. ಗಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ ಇಲ್ಲಿಗೆ ಬಂದವರು. ನಾನು ಬೆಳಗಿನ ರೈಲು ಹಿಡಿದು ಬಂಗಾರಪೇಟೆಗೆ ಹೋಗಿ, ಒಂದು ಔಷಧಿ ಅಂಗಡಿಯಲ್ಲಿ ದಿನವಿಡೀ ಮಾತ್ರೆಯ ಹಾಳೆ ಕತ್ತರಿಸಿ ಕೊಟ್ಟು, ಸಂಜೆ ವಾಪಸು ಬರುತ್ತೇನೆ. ಅಷ್ಟರಲ್ಲಿ ಅಮ್ಮ ಹಾಲು ಕರೆದು ಡೈರಿಗೆ ಹಾಕಿ ಬಂದು ಟೀವಿಯ ಮುಂದೆ ಚಾಪೆ ಹಾಸಿರುತ್ತಾಳೆ. ಏಳಕ್ಕೆ ಐದು ನಿಮಿಷ ಇರುವಾಗ ಮುನಿಸಾಮಿ ತಾತ ಬರುತ್ತಾರೆ.

ತಾತನ ಮನೆ ನಮ್ಮಿಂದ ಎರಡು ಲೈನ್ ಆಚೆ. ಮೂವತ್ತು ವರ್ಷ ಗಣಿಯೊಳಗೆ ಇಳಿದು ದುಡಿದವರು, ಈಗ ಎಂಬತ್ತರ ಹತ್ತಿರ. ಐವತ್ತು ದಾಟಿದ ನನ್ನನ್ನು ಈ ಭೂಮಿಯ ಮೇಲೆ ಪಾಪಾ ಎಂದು ಕರೆಯುವವರು ಅವರೊಬ್ಬರೇ. ಅವರ ಮನೆಮಾತು ತಮಿಳು. ಅಮ್ಮನಿಗೆ ಗಡಿಯ ಕಡೆಯ ತೆಲುಗು ನೀರು ಕುಡಿದಷ್ಟು ಸಲೀಸು, ಆದರೆ ತಮಿಳು ಅಷ್ಟಕ್ಕಷ್ಟೆ. ಹಾಗಾಗಿ ತೆಲುಗು ಸೀರಿಯಲ್ ನಡೆಯುವಾಗ ಅಮ್ಮ ತಾತನಿಗೆ ಹೇಳುತ್ತಾಳೆ, ತಮಿಳಿನದು ನಡೆಯುವಾಗ ತಾತ ಅಮ್ಮನಿಗೆ ಹೇಳುತ್ತಾರೆ. ಕನ್ನಡದ್ದು ಮೂವರಿಗೂ ಅರ್ಥವಾಗುವುದರಿಂದ ಅದಕ್ಕೆ ಯಾರೂ ಕೇಳದಿದ್ದರೂ ನನ್ನ ವಿಮರ್ಶೆ ಇರುತ್ತದೆ.

ತಾತನದ್ದೊಂದು ಅಭ್ಯಾಸವುಂಟು. ಬರುವಾಗ, ಗಣಿಗೆ ಒಯ್ಯುತ್ತಿದ್ದ ಹಳೇ ಟಿಫನ್ ಡಬ್ಬಿಯಲ್ಲಿ ಬೇಯಿಸಿದ ಕಡಲೆಕಾಯಿ ತರುತ್ತಾರೆ. ಮೂರನೇ ಸೀರಿಯಲ್ ಮುಗಿಯುವ ಹೊತ್ತಿಗೆ ಸಿಪ್ಪೆ ನಮಗೆ, ಖಾಲಿ ಡಬ್ಬಿ ಅವರಿಗೆ. ಹೊರಡುವಾಗ ಬಾಗಿಲ ಹತ್ತಿರ ನಿಂತು ಡಬ್ಬಿಯ ಮುಚ್ಚಳ ತೆಗೆದು ನಮ್ಮ ಕಡೆ ಓರೆ ಮಾಡಿ ತೋರಿಸುತ್ತಾರೆ. ಹೆಗಲ ಮೇಲಿನ ಟವೆಲನ್ನು ಎರಡು ಸಲ ಕೊಡವುತ್ತಾರೆ. ಅಂಗಿಯ ಜೇಬು ತಟ್ಟುತ್ತಾರೆ. ಆಮೇಲೆ "ಬತ್ತೀನಿ ಅಮ್ಮಣ್ಣಿ" ಎಂದು ಮೆಟ್ಟಿಲಿಳಿಯುತ್ತಾರೆ. ಇದು ತಮಿಳರ ಕಡೆಯ ಯಾವುದೋ ಮರ್ಯಾದೆ ಇರಬೇಕು ಎಂದು ನಾನೂ ಅಮ್ಮನೂ ವರ್ಷಗಟ್ಟಲೆ ನಂಬಿದ್ದೆವು. ಮರ್ಯಾದೆಗೆ ಮರ್ಯಾದೆ ಇರಲಿ ಎಂದು ಅಮ್ಮ ಒಂದೆರಡು ಸಲ ತನ್ನ ಖಾಲಿ ಕಾಫಿ ಲೋಟವನ್ನು ಅವರ ಕಡೆ ಓರೆ ಮಾಡಿ ತೋರಿಸಿದ್ದೂ ಇದೆ.

ಈಗ ಸೀರಿಯಲ್‌ಗೆ ಬನ್ನಿ. ನಾವು ನೋಡುವ ಮೂರೂ ಕೊಲೆಯವೇ, ಮತ್ತು ಮೂರೂ ಒಂದೇ. ನೀವೂ ನೋಡಿರುತ್ತೀರಿ. ಬೆಳಗಿನ ಹೊತ್ತು ನಾಯಿ ಹಿಡಿದುಕೊಂಡು ವಾಕಿಂಗ್ ಹೋದವರಿಗೆ ಹೆಣ ಸಿಗುತ್ತದೆ. (ನಮ್ಮ ಕಡೆ ನಾಯಿಗಳು ಯಾರನ್ನೂ ಕೇಳದೆ ತಾವೇ ವಾಕಿಂಗ್ ಹೋಗುತ್ತವೆ, ಇಲ್ಲಿ ಕೊಲೆಯಾದರೆ ಪತ್ತೆಯಾಗುವುದು ಹೇಗೋ.) ಊರು ಸಣ್ಣದು, ಊರಿನವರೆಲ್ಲ ಏನನ್ನೋ ಮುಚ್ಚಿಡುತ್ತಿರುತ್ತಾರೆ. ಅಲ್ಲಿಗೆ ವರ್ಗವಾಗಿ ಬಂದ ಇನ್‌ಸ್ಪೆಕ್ಟರಿಗೆ ನಿದ್ದೆಯಿಲ್ಲ. ಹೆಂಡತಿ ಬಿಟ್ಟುಹೋಗಿದ್ದಾಳೆ, ಮಗಳ ಹುಟ್ಟುಹಬ್ಬಕ್ಕೆ ಹೋಗಲು ಆಗುವುದಿಲ್ಲ. ಟೀ ತರಿಸುತ್ತಾನೆ, ಕುಡಿಯುವುದಿಲ್ಲ. ಆರಿಹೋಗುವ ಆ ಟೀ ನೋಡಿ ಹಾಲು ಕರೆಯುವ ಅಮ್ಮನ ಹೊಟ್ಟೆ ಉರಿಯುತ್ತದೆ. ಗೋಡೆಗೆ ಫೋಟೋ ಅಂಟಿಸಿ ಒಂದರಿಂದ ಒಂದಕ್ಕೆ ಕೆಂಪು ದಾರ ಎಳೆಯುತ್ತಾನೆ. ಸಿಸಿ ಕ್ಯಾಮೆರಾ ಇರುತ್ತದೆ, ಅವತ್ತೊಂದು ದಿನ ಮಾತ್ರ ಕೆಟ್ಟಿರುತ್ತದೆ. ಹತ್ತನೇ ನಿಮಿಷಕ್ಕೆ ಒಬ್ಬ ಸಿಕ್ಕಿಬೀಳುತ್ತಾನೆ, ವಾಚ್‌ಮನ್ನೋ ಡ್ರೈವರೋ, ಒಟ್ಟಿನಲ್ಲಿ ಗಡ್ಡ ಬಿಟ್ಟವನು. ಇನ್‌ಸ್ಪೆಕ್ಟರು ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿ ಎರಡು ಬಿಗಿಯುತ್ತಾನೆ. ಇವನಲ್ಲ ಎಂದು ನಮಗೆ ಗೊತ್ತು. ಹತ್ತನೇ ನಿಮಿಷಕ್ಕೇ ಕಳ್ಳ ಸಿಕ್ಕಿಬಿಟ್ಟರೆ ಜಾಹೀರಾತು ಯಾರಿಗೆ ತೋರಿಸುವುದು? ಕಡೆಗೆ ನೋಡಿದರೆ, ಮೊದಲ ಸೀನಿನಲ್ಲೇ ಬಂದು ಎಲ್ಲರಿಗೂ ಸಮಾಧಾನ ಹೇಳಿದ ಡಾಕ್ಟರೋ ಮೇಷ್ಟ್ರೋ ಕೊಲೆಗಾರ.

ಏಳಕ್ಕೆ ಕನ್ನಡದ ಕೆರೆಯಲ್ಲಿ ಸಿಕ್ಕ ಹೆಣ ಏಳೂವರೆಗೆ ತೆಲುಗಿನ ಕಾಲುವೆಯಲ್ಲಿ ಸಿಗುತ್ತದೆ, ಎಂಟಕ್ಕೆ ತಮಿಳಿನ ಕಲ್ಲು ಕ್ವಾರಿಯಲ್ಲಿ. ಯಾಕೆ ಹೀಗೆ? ಈ ಪ್ರಶ್ನೆ ನನ್ನನ್ನು ರೈಲಿನಲ್ಲೂ ಬಿಡುತ್ತಿರಲಿಲ್ಲ. ಮೊದಮೊದಲು, ಒಬ್ಬರದ್ದು ನೋಡಿ ಇನ್ನೊಬ್ಬರು ಕಾಪಿ ಹೊಡೆಯುತ್ತಾರೆ ಎಂದುಕೊಂಡೆ. ಆಮೇಲೆ ಅಂಗಡಿಯಲ್ಲಿ ನಿಂತು ಯೋಚಿಸಿದಾಗ ಬೇರೆ ಹೊಳೆಯಿತು. ಜ್ವರದ ಮಾತ್ರೆಗೆ ಇಪ್ಪತ್ತು ಹೆಸರು, ಇಪ್ಪತ್ತು ಬಣ್ಣದ ಹಾಳೆ; ಒಳಗಿನ ಔಷಧಿ ಒಂದೇ. ಬರುವ ಜ್ವರ ಒಂದೇ ಆದಮೇಲೆ ಅವರಾದರೂ ಏನು ಮಾಡುತ್ತಾರೆ? ಹಾಗಾದರೆ ಈ ಮೂರು ಭಾಷೆಯ ಜನಕ್ಕೆ ಬಂದಿರುವ ಒಂದೇ ಜ್ವರ ಯಾವುದು? ಅಲ್ಲಿಗೆ ನನ್ನ ಬುದ್ಧಿ ನಿಂತುಹೋಯಿತು.

ಅಮ್ಮನನ್ನು ಕೇಳಿದೆ. ಅವಳಿಗೆ ಇದೊಂದು ಪ್ರಶ್ನೆಯೇ ಅಲ್ಲ. ದಿನಾ ಅದೇ ಬೇಳೆ, ಅದೇ ಹುಣಿಸೆಹಣ್ಣು, ನಿನ್ನೆಯದೇ ಸಾರು ಯಾಕೆಂದು ನೀನು ಯಾವತ್ತಾದರೂ ಕೇಳಿದ್ದೀಯಾ ಎಂದು ನನ್ನನ್ನೇ ಕೇಳಿದಳು. ಕೇಳಿದ್ದೆ, ಒಂದು ಸಲ. ಅವತ್ತು ನಾನೇ ಸಾರು ಮಾಡಬೇಕಾಯಿತು. ತಾತನನ್ನು ಕೇಳಿದೆ. ಅವರು ಇನ್ನೊಂದು ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರು.

"ನಾವು ಗಣಿಯೊಳಕ್ಕೆ ಇಳೀತಿದ್ದ ಕಬ್ಬಿಣದ ಕೇಜು ದಿನಾ ಒಂದೇ ಪಾಪಾ," ಎಂದರು. "ಅದೇ ಕಂಬಿ, ಅದೇ ಕತ್ತಲು. ಆದ್ರೂ ಇಳಿಯೋವಾಗ ದಿನಾ ಬಯ. ಮ್ಯಾಲಕ್ಕೆ ಬಂದ್ಮ್ಯಾಕೆ ದಿನಾ ಸಂತೋಸ. ಇದೂ ಅಂಗೇ."

ಇದು ನನಗೆ ಬಹಳ ಹಿಡಿಸಿತು. ಆದರೂ ಕಳ್ಳ ಯಾರೆಂದು ತಿಳಿಯುವ ಚಟ ನನಗೆ ಅಂಟಿದ್ದು ಭಯದಿಂದಲ್ಲ. ಅದಕ್ಕೆ ನಮ್ಮಜ್ಜಿ ಕಾರಣ.

ನನಗಾಗ ಏಳು ವರ್ಷ. ಹಳ್ಳಿಯಲ್ಲಿ ಬಾವಿಯ ಹತ್ತಿರ ಸ್ನಾನ ಮಾಡುವಾಗ ಬಿಚ್ಚಿಟ್ಟಿದ್ದ ನನ್ನ ಒಂದು ಕಾಲಿನ ಬೆಳ್ಳಿ ಗೆಜ್ಜೆ ಕಾಣೆಯಾಯಿತು. ನಾನು ಬೀದಿಗೆ ಕೇಳುವ ಹಾಗೆ ಅತ್ತೆ. ಅಜ್ಜಿ ಯಾರನ್ನೂ ಕೇಳಲಿಲ್ಲ. ಮನೆ ಮನೆಗೆ ಹೋಗಿ, ಕತ್ತಲಾಗುವಾಗ ಮನೆಗೊಂದು ಸಗಣಿ ಉಂಡೆ ಮಾಡಿ ನಮ್ಮ ಕೊಟ್ಟಿಗೆಯ ಹಿಂದಿನ ಮಂಕರಿ ಬುಟ್ಟಿಗೆ ಹಾಕಿಹೋಗಿ ಎಂದು ಹೇಳಿ ಬಂದಳು. ಇದು ಆ ಕಡೆಯ ಹಳೇ ಪದ್ಧತಿ. ಕದ್ದವರು ಮಾಲನ್ನು ಉಂಡೆಯೊಳಗೆ ಇಟ್ಟು ಹಾಕಬಹುದು, ಯಾರದು ಎಂದು ಯಾರೂ ಕೇಳಬಾರದು. ಇಡೀ ಬೀದಿಯವರು ಹಾಕಿದರು. ಅಜ್ಜಿ ನಮ್ಮ ಮನೆಯದೂ ಒಂದು ಉಂಡೆ ಹಾಕಿದಳು. ಕಳಕೊಂಡವರು ನಾವೇ ಅಲ್ಲವಾ, ನಮ್ಮದ್ಯಾಕೆ ಎಂದರೆ, ಹಾಕಬೇಕು ಅಷ್ಟೆ ಎಂದಳು. ಬೆಳಿಗ್ಗೆ ಎಲ್ಲವನ್ನೂ ನೀರಿನಲ್ಲಿ ಕಲಸಿದಾಗ ಗೆಜ್ಜೆ ತಳದಲ್ಲಿ ಸಿಕ್ಕಿತು. ಯಾರ ಉಂಡೆ, ಯಾರ ಉಂಡೆ ಎಂದು ನಾನು ಕುಣಿದಾಡಿದೆ.

"ಯಾರು ಅಂತ ಗೊತ್ತಾದ್ರೆ ನಾಳೆಯಿಂದ ಅವ್ರ ಜತೆ ಬಾವಿ ಅತ್ರ ನಿಂತ್ಕಳೋದೆಂಗೆ?" ಎಂದಳು ಅಜ್ಜಿ. "ಗೆಜ್ಜೆ ಬಂತಲ್ಲ, ಸುಮ್ಕಿರು."

ನಾನು ಸುಮ್ಮನಿರಲಿಲ್ಲ. ಇವತ್ತಿಗೂ ಸುಮ್ಮನಿಲ್ಲ. ಆ ಬೀದಿಯ ಒಬ್ಬೊಬ್ಬರ ಮುಖವೂ ಈಗಲೂ ನನ್ನ ತಲೆಯೊಳಗಿನ ಗೋಡೆಯ ಮೇಲೆ ಕೆಂಪು ದಾರ ಕಟ್ಟಿಸಿಕೊಂಡು ಕೂತಿದೆ. ಅಜ್ಜಿ ಹೇಳದೆ ಉಳಿಸಿದ್ದನ್ನು ಯಾರಾದರೂ ಹೇಳಲಿ ಎಂದೇ ನಾನು ದಿನಾ ಸಂಜೆ ಟೀವಿಯ ಮುಂದೆ ಕೂರುವುದು. ಕೊಲೆ ಯಾರದ್ದಾದರೂ ಆಗಲಿ, ಬೆರಳು ತೋರಿಸಿ ಇವನೇ ಎನ್ನುವ ಆ ಒಂದು ಗಳಿಗೆ ಬೇಕು. ಆ ಮೂರು ಭಾಷೆಯ ಜ್ವರ ಇದೇ ಇರಬಹುದೇನೋ.

ಹೋದ ವರ್ಷ ನಮ್ಮ ಮನೆಗೇ ಒಂದು ಕೇಸು ಬಂತು.

ಅಮ್ಮನ ಮೂಗುಬೊಟ್ಟಿನ ತಿರುಪು ಸವೆದಿತ್ತು. ಆ ಮೂಗುಬೊಟ್ಟು ಅಜ್ಜಿಯದು. ಅಮ್ಮ ಅದನ್ನು ಅಕ್ಕಸಾಲಿಗರ ಹತ್ತಿರ ಸರಿಮಾಡಿಸಿಕೊಂಡು ಬಂದಳು, ಶುಕ್ರವಾರ ಹಾಕಿಕೊಳ್ಳೋಣ ಎಂದು ದೇವರ ಗೂಡಿನಲ್ಲಿ ಇಟ್ಟಳು. ಗೂಡಿನಲ್ಲೇ ಇಟ್ಟೆ ಎಂದು ಆಣೆ ಮಾಡಿ ಹೇಳಿದಳು. ಶುಕ್ರವಾರ ನೋಡಿದರೆ ಇಲ್ಲ. ಮೂಗಿನ ತೂತು ಮುಚ್ಚಿಹೋಗದಂತೆ ಬೇವಿನ ಕಡ್ಡಿಯ ಚೂರು ಸಿಕ್ಕಿಸಿಕೊಂಡು ಓಡಾಡತೊಡಗಿದಳು. ತಾಯಿಯ ಕೊನೆಯ ವಸ್ತು ಅದು. ಹಸುವಿನ ಹತ್ತಿರ ಕೂತು ಹಾಲು ಕರೆಯುತ್ತಾ ಅಳುತ್ತಿದ್ದಳು, ನಾನು ಹೋದರೆ ಹೊಗೆ ಎನ್ನುತ್ತಿದ್ದಳು. ಕೊಟ್ಟಿಗೆಯಲ್ಲಿ ಎಲ್ಲಿಂದ ಬಂತು ಹೊಗೆ? ತಾತ ಸುದ್ದಿ ಕೇಳಿ ಟಾರ್ಚು ತಂದು, ಆ ವಯಸ್ಸಿನಲ್ಲಿ ಮಂಡಿಯೂರಿ ಚಾಪೆಯ ಕೆಳಗೆ, ಟೀವಿ ಸ್ಟ್ಯಾಂಡಿನ ಕೆಳಗೆ ಹುಡುಕಿದರು.

ನಾನು ತನಿಖೆ ಶುರುಮಾಡಿದೆ. ದಿನಾ ಸಂಜೆ ಒಂದೂವರೆ ಗಂಟೆ ಮೂರು ಭಾಷೆಯಲ್ಲಿ ಪಾಠ ಹೇಳಿಸಿಕೊಂಡವಳು ನಾನು. ಮನೆಯೊಳಗೆ ಬರುವವರು ಮೂರೇ ಜನ. ಅಮ್ಮ ಕಳಕೊಂಡವಳು, ಅವಳನ್ನು ಬಿಡಿ. ನಾನು ತನಿಖೆ ಮಾಡುವವಳು, ಇನ್‌ಸ್ಪೆಕ್ಟರನ್ನು ಯಾರೂ ಅನುಮಾನಿಸುವುದಿಲ್ಲ. ಉಳಿದವರು ತಾತ. ಹುಡುಕಲು ಎಲ್ಲರಿಗಿಂತ ಮುಂದೆ ಬಂದವನೇ ಕಳ್ಳ, ಇದು ತೆಲುಗಿನದರಲ್ಲಿ ಬಂದಿತ್ತು. ಮೊದಲ ದಿನ ಸಮಾಧಾನ ಹೇಳಿದವನೇ ಕಳ್ಳ, ಇದು ಮೂರರಲ್ಲೂ. ಎಲ್ಲಕ್ಕಿಂತ ದೊಡ್ಡದು ಆ ಡಬ್ಬಿ, ಆ ಟವೆಲ್. ಕೇಳದೆಯೇ ತನ್ನ ಹತ್ತಿರ ಏನೂ ಇಲ್ಲ ಎಂದು ದಿನಾ ತೋರಿಸುವವನು ಯಾಕೆ ತೋರಿಸುತ್ತಾನೆ? ನಮಗೆ ಅಭ್ಯಾಸವಾಗಿ, ಯಾವುದೋ ಒಂದು ದಿನ ಯಾರೂ ನೋಡದಿರಲಿ ಎಂದಲ್ಲವೇ? ನನ್ನ ಬುದ್ಧಿಗೆ ನಾನೇ ಬೆರಗಾದೆ. ಈಗ ಬರೆಯಲು ನಾಚಿಕೆ, ಅವತ್ತು ಹೆಮ್ಮೆಯಾಗಿತ್ತು.

ಒಂದು ಸಂಜೆ ತಾತ ಹೊರಟು ಬಾಗಿಲ ಹತ್ತಿರ ನಿಂತು ಮುಚ್ಚಳಕ್ಕೆ ಕೈ ಹಾಕುವ ಮೊದಲೇ ನಾನು ನಗುತ್ತಾ, "ತಾತ, ಇವತ್ತು ಡಬ್ಬಿ ನನ್ನ ಕೈಗೆ ಕೊಡಿ, ನೋಡೋಣ" ಎಂದುಬಿಟ್ಟೆ. ತಮಾಷೆಯ ದನಿಯೇ. ಆದರೆ ಕೈ ಚಾಚಿದ್ದು ತಮಾಷೆಯಾಗಿರಲಿಲ್ಲ, ಅದು ಅವರಿಗೂ ತಿಳಿಯಿತು. ಡಬ್ಬಿಯನ್ನು ಕೊಟ್ಟರು. ಟವೆಲನ್ನು ಅವತ್ತು ಕೊಡವಲಿಲ್ಲ, ಅದನ್ನೂ ಹೆಗಲಿಂದ ತೆಗೆದು ನನ್ನ ಕೈಯಲ್ಲೇ ಇಟ್ಟರು. "ನೋಡ್ಕೊ ಪಾಪಾ" ಎಂದರು. ನಾನು ನೋಡಿದೆ. ಡಬ್ಬಿಯ ತಳದಲ್ಲಿ ಒಂದು ಕಡಲೆಬೀಜದ ಕೆಂಪು ಸಿಪ್ಪೆ ಇತ್ತು. ಅವರು ಎರಡನ್ನೂ ತೆಗೆದುಕೊಂಡು, ಬತ್ತೀನಿ ಎನ್ನದೆ ಮೆಟ್ಟಿಲಿಳಿದರು.

ಅಮ್ಮ ಕಡಲೆಕಾಯಿ ಸಿಪ್ಪೆ ಗುಡಿಸಿ ಹೊರಗೆ ಹಾಕಿ ಬಂದಳು. ಆಮೇಲೆ ಹೇಳಿದ್ದು ಒಂದೇ ಮಾತು. "ಮೂಗುಬೊಟ್ಟು ಓದ್ರೆ ಓಗ್ಲಿ ಅಂತಿದ್ದೆ ಕಣೆ. ನೀನು ಕೇಳ್ಬಾರ್ದಾಗಿತ್ತು."

ಮಾರನೆಯ ದಿನ ಏಳಕ್ಕೆ ಐದು ನಿಮಿಷಕ್ಕೆ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಎಂಟು ಗಂಟೆಗೆ ತಮಿಳಿನ ಸೀರಿಯಲ್ ತನ್ನ ಪಾಡಿಗೆ ಮಾತಾಡುತ್ತಿತ್ತು. ಎಲ್ಲ ಒಂದೇ ಥರದ ಕಥೆಯಾದ್ದರಿಂದ ಭಾಷೆ ಬಾರದಿದ್ದರೂ ತಿಳಿಯುತ್ತದಲ್ಲ ಎಂದೆ ಅಮ್ಮನಿಗೆ. ತಿಳಿಯುತ್ತದೆ ಎಂದಳು. ಆದರೆ ಮುನಿಸಾಮಿ ಅಣ್ಣ ಹೇಳಿದರೆ ಒಂದು ಥರ, ಎಂದು ಟೀವಿ ಆರಿಸಿ ಎದ್ದುಹೋದಳು. ಚಾಪೆಯ ಮೇಲೆ ತಾತ ಕೂರುತ್ತಿದ್ದ ಕಡೆ ಅಮ್ಮ ಕೂರಲಿಲ್ಲ, ನಾನೂ ಕೂರಲಿಲ್ಲ. ನನಗೆ ಒಳಗೊಳಗೇ ಹಿಂಸೆಯಾಗುತ್ತಿತ್ತು. ಆದರೆ ಬಾರದೇ ಇರುವುದೂ ಒಂದು ಸಾಕ್ಷಿಯೇ ಅಲ್ಲವಾ ಎಂದು ತಲೆಯೊಳಗಿನ ಇನ್‌ಸ್ಪೆಕ್ಟರು ಇನ್ನೂ ಗೊಣಗುತ್ತಿದ್ದ. ಅವನ ನಾಲಿಗೆಗೆ ಬೆಂಕಿ ಬೀಳ.

ಹನ್ನೊಂದನೇ ದಿನ ಸಂಜೆ, ಕನ್ನಡದ್ದು ನಡೆಯುತ್ತಿರುವಾಗ ರಿಮೋಟು ಸತ್ತುಹೋಯಿತು. ಬೇರೆ ಸೆಲ್ ಹಾಕಲು ಹಿಂದಿನ ಮುಚ್ಚಳ ತೆಗೆದೆ. ಒಂದು ತಿಂಗಳ ಹಿಂದೆ, ಸ್ಪ್ರಿಂಗು ಸಡಿಲವಾಗಿ ಸೆಲ್ ಅಲುಗಾಡುತ್ತದೆ ಎಂದು, ಕೈಗೆ ಸಿಕ್ಕ ಒಂದು ಮಡಿಸಿದ ಕಾಗದವನ್ನು ನಾನೇ ಅದರೊಳಗೆ ತುರುಕಿದ್ದೆ. ಎಲ್ಲರೂ ಮಾಡುವ ಕೆಲಸವೇ. ಅವತ್ತು ತೆಲುಗಿನದರಲ್ಲಿ ಮೇಷ್ಟ್ರನ್ನು ಇನ್ನೇನು ಹಿಡಿಯುತ್ತಾರೆ ಎನ್ನುವ ಹೊತ್ತು, ಚಾನೆಲ್ಲು ಬದಲಾಗುತ್ತಿಲ್ಲ, ಟೀವಿ ಸ್ಟ್ಯಾಂಡಿನ ಮೇಲೆ ಒಂದು ಪುಟ್ಟ ಗುಲಾಬಿ ಕಾಗದದ ಮಡಿಕೆ ಇತ್ತು. ಗಟ್ಟಿಯಾಗಿತ್ತು, ಚೆನ್ನಾಗಿ ಕೂತಿತು. ಈಗ ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದೆ. ಅಕ್ಕಸಾಲಿಗರು ಒಡವೆ ಸುತ್ತಿಕೊಡುವ ಕಾಗದ ಗುಲಾಬಿ ಬಣ್ಣದ್ದು ಎಂಬುದು ಈ ಲೋಕದಲ್ಲಿ ಯಾರಿಗೆ ತಿಳಿಯದು? ಬಿಡಿಸಿದೆ. ಅಜ್ಜಿಯ ಮೂಗುಬೊಟ್ಟು ನನ್ನನ್ನು ನೋಡಿತು.

ಅಮ್ಮ ಇಟ್ಟದ್ದು ಗೂಡಿನಲ್ಲಲ್ಲ, ಟೀವಿ ಸ್ಟ್ಯಾಂಡಿನ ಮೇಲೆ. ಕದ್ದವಳು ನಾನು. ಆ ರಿಮೋಟನ್ನೇ ಕೈಯಲ್ಲಿ ಹಿಡಿದು, ಕಳ್ಳ ಯಾರು ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡವಳೂ ನಾನೇ. ಅಮ್ಮ ಮೂಗುಬೊಟ್ಟನ್ನು ಕಣ್ಣಿಗೊತ್ತಿಕೊಂಡು, ಬೇವಿನ ಕಡ್ಡಿ ತೆಗೆದು ಎಸೆದು, ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ "ಇನ್‌ಸ್ಪೆಟ್ರಮ್ಮಾ" ಎಂದಳು. ಅದಕ್ಕಿಂತ ಎರಡೇಟು ಹೊಡೆದಿದ್ದರೆ ವಾಸಿಯಿತ್ತು.

ರಾತ್ರಿ ಊಟ ಸೇರಲಿಲ್ಲ. ಈ ಸೀರಿಯಲ್‌ಗಳೆಲ್ಲ ಯಾವುದರಲ್ಲಿ ಒಂದೇ ಎಂಬುದು ಆಗ ಕಂಡಿತು. ಹತ್ತನೇ ನಿಮಿಷಕ್ಕೆ ಸಿಕ್ಕಿಬಿದ್ದು ಏಟು ತಿಂದವನು ಆಮೇಲೆ ಏನಾದ? ಯಾವ ಭಾಷೆಯಲ್ಲೂ ತೋರಿಸುವುದಿಲ್ಲ. ನಿಜವಾದ ಕೊಲೆಗಾರ ಸಿಕ್ಕ, ಮುಗಿಯಿತು, ಹೆಸರುಗಳು ಬಂದವು. ಅವನ ಮನೆಗೆ ಹೋಗಿ, ಅಪ್ಪಾ ತಪ್ಪಾಯಿತು ಎಂದು ಹೇಳುವ ಒಬ್ಬ ಇನ್‌ಸ್ಪೆಕ್ಟರನ್ನೂ ನಾನು ಕಂಡಿಲ್ಲ. ನೀವು ಕಂಡಿದ್ದರೆ ಹೇಳಿ, ಆ ಚಾನೆಲ್ಲಿನ ಗುಂಡಿಯನ್ನೂ ಅಮ್ಮನಿಗೆ ಕಲಿಸುತ್ತೇನೆ.

ಮಾರನೆಯ ದಿನ ಭಾನುವಾರ. ರಿಮೋಟನ್ನೂ ಗುಲಾಬಿ ಕಾಗದವನ್ನೂ ಸಾಕ್ಷಿಗೆಂದು ಚೀಲದಲ್ಲಿ ಹಾಕಿಕೊಂಡು ತಾತನ ಮನೆಗೆ ಹೋದೆ. ಟೀವಿ ಹಾಕೋದೆಂಗೆ ಎಂದು ಅಮ್ಮ ಹಿಂದಿನಿಂದ ಕೂಗುತ್ತಿದ್ದಳು. ತಾತ ಜಗಲಿಯ ಮೇಲೆ ಕೂತು, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸಯನೈಡ್ ದಿಬ್ಬದ ಕಡೆ ನೋಡುತ್ತಿದ್ದರು. ಒಳಗೆ ಬಾ ಎಂದರು. ಒಳಗೆ, ಗೋಡೆಗೆ ಒಂದು ಟೀವಿ, ನಮ್ಮದರ ಎರಡರಷ್ಟು ದೊಡ್ಡದು, ಮೇಲೆ ಬಟ್ಟೆ ಹೊದಿಸಿಟ್ಟಿದ್ದರು. ಇಷ್ಟು ವರ್ಷ ಅವರ ಮನೆಯಲ್ಲಿ ಟೀವಿಯಿಲ್ಲ ಎಂದು ನಾನು ತಿಳಿದಿದ್ದೆ. ಅದು ನೋಡಲ್ವಾ ಎಂದರೆ, ಕೊಲೆಯದ್ದು ಒಬ್ಬನೇ ನೋಡಿದರೆ ಭಯವಾಗುತ್ತದೆ ಎಂದರು.

ರಿಮೋಟು ತೆಗೆದು, ಮುಚ್ಚಳ ಬಿಚ್ಚಿ, ಕಾಗದ ತೋರಿಸಿ ಎಲ್ಲ ಹೇಳಿದೆ. ತಪ್ಪಾಯ್ತು ತಾತ, ಕದ್ದವಳು ನಾನೇ ಎಂದೆ. ಅವರು ಮೂಗುಬೊಟ್ಟು ಸಿಕ್ಕಿದ್ದಕ್ಕೆ ದೇವರಿಗೆ ಕೈ ಮುಗಿದರು. ಆಮೇಲೆ, ನಾನು ಕೇಳದಿದ್ದರೂ, ಆ ಟವೆಲಿನ ವಿಷಯ ಹೇಳಿದರು. ಗಣಿಯಿಂದ ಮೇಲೆ ಬಂದಮೇಲೆ ಗೇಟಿನಲ್ಲಿ ತಪಾಸಣೆ. ಚಿನ್ನದ ಚೂರು ಹೊರಗೆ ಹೋಗಬಾರದಲ್ಲ. ಡಬ್ಬಿ ತೆಗೆದು ಓರೆ ಮಾಡಬೇಕು, ಟವೆಲ್ ಕೊಡವಬೇಕು, ಜೇಬು ತಟ್ಟಬೇಕು. ಮೂವತ್ತು ವರ್ಷ. ಗಣಿ ಮುಚ್ಚಿತು, ಗೇಟು ತುಕ್ಕು ಹಿಡಿಯಿತು. ಬಾಗಿಲು ದಾಟುವಾಗ ಕೈ ಮಾತ್ರ ಈಗಲೂ ತಾನೇ ಹೋಗುತ್ತದೆ. ತಮಿಳರ ಮರ್ಯಾದೆ ಎಂದುಕೊಂಡಿದ್ದೆವು ಎಂದು ನಾನು ಹೇಳಿದ್ದಕ್ಕೆ ಅವರು ನಕ್ಕರು.

"ಗೇಟಲ್ಲಿ ಎಲ್ಲಾರ್ನೂ ನೋಡೋರು ಪಾಪಾ," ಎಂದರು. "ಮೇಸ್ತ್ರಿನೂ ನೋಡೋರು, ಕೂಲಿನೂ ನೋಡೋರು. ಸಾಲಾಗಿ ಕೈ ಎತ್ಕಂಡು ನಿಂತು ಒಬ್ರನ್ನೊಬ್ರು ನೋಡಿ ನಗ್ತಿದ್ವಿ. ಬೇಜಾರೇ ಆಗ್ತಿರ್ಲಿಲ್ಲ. ನೀನು ನನ್ನೊಬ್ಬನ್ನೇ ನೋಡ್ದೆ."

ರಿಮೋಟನ್ನು ಚೀಲಕ್ಕೆ ಹಾಕಿಕೊಂಡೆ. ಸಂಜೆ ಬರ್ತೀರಾ ಎಂದು ಕೇಳಿದೆ. ಕಡಲೆಕಾಯಿ ಬೇಯಿಸಿಲ್ಲ ಎಂದರು. ಬರುತ್ತೇನೆ ಎಂದೋ ಬರುವುದಿಲ್ಲ ಎಂದೋ ತಿಳಿಯಲಿಲ್ಲ. ನಾನು ಮೆಟ್ಟಿಲಿಳಿದ ಮೇಲೆ ಹಿಂದಿನಿಂದ, ತಮಿಳಿನದರಲ್ಲಿ ಆ ಡಾಕ್ಟರೇನಾ ಎಂದು ಕೇಳಿದರು. ಡಾಕ್ಟರೇ ಎಂದೆ. ಗೊತ್ತಿತ್ತು ಎಂದರು.

ಸೋಮವಾರ ಏಳಕ್ಕೆ ಐದು ನಿಮಿಷಕ್ಕೆ ತಾತ ಬಂದರು, ಡಬ್ಬಿ ಬೆಚ್ಚಗಿತ್ತು. ಅಮ್ಮ ಏನೂ ಆಗಿಲ್ಲವೆಂಬಂತೆ ಕಾಫಿ ಕೊಟ್ಟು, ಮೂಗು ಮಾತ್ರ ದೀಪದ ಕಡೆಗೇ ತಿರುಗಿಸಿಕೊಂಡು ಕೂತಳು. ಹತ್ತನೇ ನಿಮಿಷಕ್ಕೆ ಒಬ್ಬ ಸಿಕ್ಕಿಬಿದ್ದ. ಇವನಲ್ಲ ಬಿಡು ಎಂದಳು ಅಮ್ಮ. ತಾತ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದರು. ಅವನನ್ನು ಬಿಟ್ಟು ಇನ್‌ಸ್ಪೆಕ್ಟರು ಜೀಪು ಹತ್ತಿದ. ಏಟು ತಿಂದವನು ಮತ್ತೆ ಬರಲಿಲ್ಲ.

ಎಂಟೂವರೆಗೆ ತಾತ ಎದ್ದು ಬಾಗಿಲ ಹತ್ತಿರ ಹೋದರು. ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟವರು ತೆರೆಯಲಿಲ್ಲ. ತೆರೆಯುವುದೋ ಬೇಡವೋ ತಿಳಿಯದೆ ಹಾಗೇ ನಿಂತರು. ಇಷ್ಟು ವರ್ಷ ತಾನೇ ಹೋಗುತ್ತಿದ್ದ ಕೈಯನ್ನು ನಾನು ತಡೆದುಬಿಟ್ಟಿದ್ದೆ. ನನಗೆ ಅಜ್ಜಿಯ ಮಂಕರಿ ನೆನಪಾಯಿತು, ಅದರಲ್ಲಿ ನಮ್ಮ ಮನೆಯದೂ ಒಂದು ಉಂಡೆ. ಎದ್ದು ನನ್ನ ಚೀಲ ತಂದು ಬಾಗಿಲ ಮುಂದೆ ಬೋರಲು ಹಾಕಿದೆ. ರೈಲಿನ ಪಾಸು, ಬಾಚಣಿಗೆ, ಬೀಗದ ಕೈ ಉದುರಿದವು. ದುಪಟ್ಟಾ ಕೊಡವಿದೆ. ರಿಮೋಟಿನ ಮುಚ್ಚಳ ತೆಗೆದು ಸೆಲ್ಲಿನ ಗೂಡನ್ನೂ ತೋರಿಸಿದೆ. ಅಮ್ಮ ಒಂದು ಗಳಿಗೆ ನನ್ನನ್ನೇ ನೋಡಿ, ಎದ್ದು ಬಂದು, ಸೆರಗು ಎರಡು ಸಲ ಕೊಡವಿ, ಎಲೆಅಡಿಕೆಯ ಚೀಲ ತಿರುವಿ ಹಿಡಿದಳು.

ತಾತ ಗೇಟಿನವನ ಹಾಗೆ ಹುಬ್ಬು ಗಂಟಿಕ್ಕಿ ಇಬ್ಬರದ್ದೂ ನೋಡಿದರು, ಬಾಚಣಿಗೆಯನ್ನೂ ಬಿಡದೆ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ನಮ್ಮ ಕಡೆ ಓರೆ ಮಾಡಿದರು. ಟವೆಲ್ ಕೊಡವಿದರು. ಜೇಬು ತಟ್ಟಿದರು.

"ಎಲ್ಲಾರ್ದೂ ಆಯ್ತಲ್ಲ," ಎಂದರು. "ಬತ್ತೀನಿ ಅಮ್ಮಣ್ಣಿ."